ಬಸಿದ ನೀರು ಚೆಲ್ಲಬೇಡಿ

ದಿನಾ ಮನೆಯಲ್ಲಿ ಏನು ಸಾರು ಮಾಡುತ್ತೀರಿ? ಬೇಳೆ ಸಾರೇ? ಕಾಳು ಸಾರೇ? ಸೊಪ್ಪಿನ ಸಾರೇ?

ನಮ್ಮ ಕೆ. ಹೊಸಕೋಟೆ ಆಲೂರು ತಾಲ್ಲೂಕಿನ ಒಂದು ಹೋಬಳಿ. ಒಂದು ಕಡೆ ಬಯಲು, ಇನ್ನೊಂದು ಕಡೆ ಸಕಲೇಶಪುರದ ಬೆಟ್ಟ. ಅದಕ್ಕೇ ನಮ್ಮಲ್ಲಿ ಮುದ್ದೆಯೂ ಉಂಟು, ಅಕ್ಕಿ ರೊಟ್ಟಿಯೂ ಉಂಟು, ಕಡುಬೂ ಉಂಟು. ಮುದ್ದೆಗಾಗಲಿ ಅನ್ನಕ್ಕಾಗಲಿ ಸಾರು ಬೇಕೇ ಬೇಕು. ಸಾರಿಲ್ಲದೆ ಮುದ್ದೆ ಗಂಟಲಲ್ಲಿ ಇಳಿಯೋಲ್ಲ.

ಪೇಟೆಯ ಹೋಟೆಲಿನಲ್ಲಿ ಊಟಕ್ಕೆ ಮೊದಲು ಬಟ್ಟಲಿನಲ್ಲಿ ಬಿಸಿ ಬಿಸಿ ಸೂಪು ಕೊಡುತ್ತಾರೆ. ತರಕಾರಿ ಬೇಯಿಸಿದ ನೀರು, ಉಪ್ಪು, ಮೆಣಸಿನ ಪುಡಿ. ಅದಕ್ಕೆ ದುಡ್ಡು ಕೊಟ್ಟು ಕುಡಿಯುತ್ತೇವೆ. ಮನೆಯಲ್ಲಿ ಸೊಪ್ಪು ಬೇಯಿಸಿದ ನೀರನ್ನು ಮಾತ್ರ ಎಷ್ಟೋ ಸಲ ಬಚ್ಚಲಿಗೆ ಚೆಲ್ಲುತ್ತೇವೆ!

ಆ ನೀರಿನಿಂದಲೇ ನಮ್ಮ ಹಿರಿಯರು ಒಂದು ಸಾರು ಮಾಡಿದರು. ಅದೇ ಬಸ್ಸಾರು. ಬಸಿದ ನೀರಿನ ಸಾರು ಬಸ್ಸಾರು. ಈ ಪಾಠದಲ್ಲಿ ಅದರ ವಿಚಾರ ತಿಳಿಯೋಣ.

ಅತ್ತೆ ಸೊಸೆ ಮಾತು

ತೋಟದ ಕೆಲಸಕ್ಕೆ ಹೋಗುವ ಒಂದು ಮನೆ. ಬೆಳಗ್ಗೆ ಅವಸರ. ಸೊಸೆ ದಂಟಿನ ಸೊಪ್ಪು ಬೇಯಿಸಿದ್ದಾಳೆ.

ಅತ್ತೆ: ಅಯ್ಯೋ, ಆ ನೀರು ಯಾಕವ್ವಾ ಚೆಲ್ತೀಯ?

ಸೊಸೆ: ಪಲ್ಯ ಮಾಡೋಣ ಅಂತ ಅತ್ತೆ. ನೀರಿದ್ದರೆ ಪಲ್ಯ ಪಿಚಪಿಚ ಅನ್ನುತ್ತೆ.

ಅತ್ತೆ: ಪಲ್ಯ ಮಾಡು, ಬೇಡ ಅನ್ನಲ್ಲ. ನೀರನ್ನ ಒಂದು ಪಾತ್ರೆಗೆ ಬಸಿ. ಕಾರ ಹಾಕಿ ಕುದಿಸಿದರೆ ಸಾರಾಯ್ತು. ಒಂದು ಒಲೆ, ಎರಡು ಅಡುಗೆ.

ಸೊಸೆ: ಸರಿ ಅತ್ತೆ. ನಿಮ್ಮ ಮಗನಿಗೂ ಮಾವನಿಗೂ ಪಲ್ಯ ಇಟ್ಟು, ನಾನು ಸಾರು ಕಲಸಿಕೊಂಡು ಉಣ್ತೀನಿ.

ಅತ್ತೆ: ಅದೊಂದು ಬೇಡ ಕಣವ್ವಾ. ನಾನೂ ಹಾಗೇ ಮಾಡಿ ಮಾಡಿ ಸೊರಗಿದೆ. ಪಲ್ಯ ಎಲ್ಲರಿಗೂ ಒಂದೇ ಸಮ ಬಡಿಸು. ನಿನ್ನ ತಟ್ಟೆಗೂ ಹಾಕ್ಕೋ.

ಅತ್ತೆ ಎರಡು ಮಾತು ಹೇಳಿದರು. ನೀರು ಚೆಲ್ಲಬೇಡ ಎಂಬುದು ಒಂದು. ಸೊಪ್ಪಿನಲ್ಲಿ ನಿನ್ನ ಪಾಲು ಬಿಡಬೇಡ ಎಂಬುದು ಇನ್ನೊಂದು. ಎರಡೂ ಸರಿಯೇ. ಹೇಗೆ ಎಂದು ನೋಡೋಣ.

ನೀರಿನಲ್ಲಿ ಏನಿದೆ? ಎಲೆಯಲ್ಲಿ ಏನಿದೆ?

ಸೊಪ್ಪು ತರಕಾರಿಯಲ್ಲಿ ಜೀವಸತ್ವಗಳಿವೆ. 'ಬಿ' ಗುಂಪಿನ ಜೀವಸತ್ವಗಳು ಮತ್ತು 'ಸಿ' ಜೀವಸತ್ವ ನೀರಿನಲ್ಲಿ ಕರಗುತ್ತವೆ. ಸಕ್ಕರೆ ನೀರಿನಲ್ಲಿ ಕರಗಿದ ಹಾಗೆ. ಸೊಪ್ಪು ಬೆಂದಾಗ ಇವುಗಳಲ್ಲಿ ಒಂದು ಪಾಲು ನೀರಿಗೆ ಇಳಿಯುತ್ತೆ. ನೀರು ಚೆಲ್ಲಿದರೆ ಅದೂ ಹೋಯಿತು.

ರಕ್ತ ಆಗಲು ಬೇಕಾದ ಫೋಲಿಕ್ ಆಮ್ಲವೂ ನೀರಿನಲ್ಲಿ ಕರಗುವುದೇ. ಬಸುರಿ ಹೆಂಗಸಿಗೆ ಇದು ಬಹಳ ಅಗತ್ಯ. ಹೊಟ್ಟೆಯಲ್ಲಿರುವ ಮಗುವಿನ ಮಿದುಳು, ಬೆನ್ನುಹುರಿ ಸರಿಯಾಗಿ ಬೆಳೆಯಲು ಇದು ಬೇಕು.

ಆದರೆ ಎಲ್ಲವೂ ನೀರಿಗೆ ಇಳಿಯೋಲ್ಲ. ಕಬ್ಬಿಣದ ಅಂಶ, ಕಣ್ಣಿಗೆ ಬೇಕಾದ 'ಎ' ಜೀವಸತ್ವ ಕೊಡುವ ಅಂಶ, ನಾರು ಇವು ಹೆಚ್ಚಾಗಿ ಸೊಪ್ಪಿನಲ್ಲೇ ಉಳಿಯುತ್ತವೆ. ಬಲ ಕೊಡುವ ಅಂಶ ಬೇಳೆ ಕಾಳಿನಲ್ಲೇ ಇರುತ್ತೆ. ಹಾಗಾಗಿ ಸಾರೊಂದನ್ನೇ ಉಂಡರೆ ಅರ್ಧ ಊಟ. ಪಲ್ಯವೊಂದನ್ನೇ ತಿಂದು ನೀರು ಚೆಲ್ಲಿದರೂ ನಷ್ಟ. ಎರಡೂ ಸೇರಿದರೆ ಪೂರಾ ಊಟ.

ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸರು ಕೊನೆಗೆ ಉಣ್ಣುತ್ತಾರೆ. ಅಷ್ಟು ಹೊತ್ತಿಗೆ ಪಲ್ಯ ಮುಗಿದಿರುತ್ತೆ. ತಳದಲ್ಲಿ ಸ್ವಲ್ಪ ತಿಳಿ ಸಾರು ಉಳಿದಿರುತ್ತೆ. ಹೀಗೆ ವರ್ಷಗಟ್ಟಲೆ ನಡೆದರೆ ರಕ್ತ ಕಡಿಮೆಯಾಗುತ್ತೆ. ಬೇಗ ಸುಸ್ತು, ತಲೆಸುತ್ತು, ದಿಬ್ಬ ಹತ್ತಿದರೆ ಏದುಸಿರು. ಇದಕ್ಕೆ ರಕ್ತಹೀನತೆ ಎನ್ನುತ್ತಾರೆ.

2019ರಿಂದ 2021ರವರೆಗೆ ದೇಶದಲ್ಲೆಲ್ಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ 57 ಜನರಿಗೆ ರಕ್ತಹೀನತೆ ಇದೆ ಎಂದು ಅದರಲ್ಲಿ ತಿಳಿದುಬಂತು. ಅಂದರೆ ಅರ್ಧಕ್ಕಿಂತ ಹೆಚ್ಚು. ನಾವು 10 ಹೆಂಗಸರು ಒಂದು ಕಡೆ ಕುಳಿತರೆ ಅದರಲ್ಲಿ ಐದಾರು ಜನರಿಗೆ ಈ ತೊಂದರೆ ಇರಬಹುದು.

ಸೊಪ್ಪು ಎಲ್ಲಿ ಸಿಗುತ್ತೆ?

ಸೊಪ್ಪಿಗೆ ಸಂತೆಗೇ ಹೋಗಬೇಕಿಲ್ಲ. ಹಿತ್ತಲಲ್ಲಿ ನಾಲ್ಕು ಅಡಿ ಜಾಗ ಇದ್ದರೆ ದಂಟು, ಹರಿವೆ, ಮೆಂತ್ಯ ಬರುತ್ತೆ. ಬೇಲಿಗೆ ಒಂದು ನುಗ್ಗೆ ಗಿಡ, ಚಪ್ಪರಕ್ಕೆ ಒಂದು ಬಸಳೆ ಬಳ್ಳಿ, ಬಚ್ಚಲ ನೀರು ಹರಿಯುವ ಕಡೆ ಕೆಸು. ಒಂದು ಚಕ್ರಮುನಿ ಗಿಡ ನೆಟ್ಟರೆ ವರ್ಷವೆಲ್ಲ ಎಲೆ ಕೀಳಬಹುದು.

ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಸೊಪ್ಪೂ ಇದೆ. ಅಣ್ಣೆ ಸೊಪ್ಪು, ಗಣಕೆ ಸೊಪ್ಪು, ಹೊನಗೊನೆ ಸೊಪ್ಪು, ಕೀರೆ, ಒಂದೆಲಗ. ಇದೊಂದು ಹಿಡಿ, ಅದೊಂದು ಹಿಡಿ ಸೇರಿಸಿ ಕಿತ್ತರೆ ಅದಕ್ಕೆ ಬೆರಕೆ ಸೊಪ್ಪು ಎಂದು ಹೆಸರು. ಬಸ್ಸಾರಿಗೆ ಬೆರಕೆ ಸೊಪ್ಪೇ ರುಚಿ.

ಸೊಪ್ಪು ಕೀಳುವಾಗ ನಾಲ್ಕು ಮಾತು ನೆನಪಿಡಿ.

1. ಗುರುತು ಗೊತ್ತಿಲ್ಲದ ಸೊಪ್ಪು ಕೀಳಬೇಡಿ. ಊರಿನ ಹಿರಿಯ ಹೆಂಗಸರಿಗೆ ತೋರಿಸಿ ಕೇಳಿ. ಗಣಕೆಯ ಹಸಿರು ಕಾಯಿ ತಿನ್ನಬಾರದು, ಅದನ್ನು ಆಯ್ದು ತೆಗೆಯಿರಿ.

2. ಶುಂಠಿ ಹೊಲ, ಆಲೂಗೆಡ್ಡೆ ಹೊಲ, ಕಾಫಿ ತೋಟದ ಅಂಚಿನಲ್ಲಿ ಮದ್ದು ಹೊಡೆದಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಎಷ್ಟೋ ಕಳೆ ಮದ್ದು ಎಲೆಯ ಒಳಕ್ಕೇ ಇಳಿಯುತ್ತೆ. ತೊಳೆದರೂ ಹೋಗೋಲ್ಲ. ಅಂತಹ ಕಡೆ ಸೊಪ್ಪು ಕೀಳಲೇಬಾರದು.

3. ಬೆಳಗಿನ ಜಾವ, ಸಂಜೆಗತ್ತಲಲ್ಲಿ ತೋಟದ ಅಂಚಿಗೆ ಒಬ್ಬರೇ ಹೋಗಬೇಡಿ. ಆಲೂರು, ಸಕಲೇಶಪುರದ ಕಡೆ ಕಾಡಾನೆ ಓಡಾಟ ಇದೆ. ಒಂದು ಹಿಡಿ ಸೊಪ್ಪಿಗೆ ಜೀವ ಕಳೆದುಕೊಳ್ಳುವುದು ಬೇಡ. ಹಿತ್ತಲಲ್ಲಿ ಬೆಳೆದ ಸೊಪ್ಪೇ ಲೇಸು.

4. ಬೇರು ಸಮೇತ ಕೀಳಬೇಡಿ. ಚಿಗುರು ಚಿವುಟಿಕೊಳ್ಳಿ. ಗಿಡ ಮತ್ತೆ ಚಿಗುರುತ್ತೆ.

ಬಸ್ಸಾರಿಗೆ ಬೇಕಾದ ಸಾಮಾನು

(5 ಜನರಿಗೆ)

ಬೆರಕೆ ಸೊಪ್ಪು – ಅರ್ಧ ಕಿಲೋ
ತೊಗರಿಬೇಳೆ – 1 ಲೋಟ (ಅವರೆಕಾಳು, ಹಲಸಂದೆ, ಹೆಸರುಕಾಳು ಕೂಡ ಆಗುತ್ತೆ)
ನೀರು – 8 ಲೋಟ
ಈರುಳ್ಳಿ – 2
ಬೆಳ್ಳುಳ್ಳಿ – 1 ಗೆಡ್ಡೆ
ಒಣಮೆಣಸಿನಕಾಯಿ – 5 ಅಥವಾ 6
ಕಾಳುಮೆಣಸು – 8 ಕಾಳು
ಜೀರಿಗೆ – 1 ಚಮಚ
ಕೊತ್ತಂಬರಿ ಬೀಜ – 2 ಚಮಚ
ತೆಂಗಿನಕಾಯಿ ತುರಿ – 1 ಹಿಡಿ
ಹುಣಸೆಹಣ್ಣು – ಸಣ್ಣ ನಿಂಬೆಕಾಯಿ ಗಾತ್ರ
ಉಪ್ಪು – ರುಚಿಗೆ ತಕ್ಕಷ್ಟು
ಒಗ್ಗರಣೆಗೆ – ಎಣ್ಣೆ, ಸಾಸಿವೆ, ಕರಿಬೇವು

ಕಾಳುಮೆಣಸು ನಮ್ಮ ತೋಟದ ಮರಗಳಲ್ಲೇ ಬೆಳೆಯುತ್ತೆ. ಹಾಗಾಗಿ ಬೆಟ್ಟದ ಕಡೆಯ ಸಾರಿಗೆ ಅದರ ಖಾರ ಸೇರಲಿ. ಮಳೆಗಾಲದ ಚಳಿಗೆ ಹಿತವಾಗಿರುತ್ತೆ.

ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಸಂಸ್ಥೆ ಇದೆ. ದೊಡ್ಡವರು ದಿನಕ್ಕೆ ಸುಮಾರು 100 ಗ್ರಾಂ ಸೊಪ್ಪು ತಿನ್ನಬೇಕು ಎಂದು ಅದು ಹೇಳುತ್ತೆ. 5 ಜನರಿಗೆ ಅರ್ಧ ಕಿಲೋ ಎಂದರೆ ಲೆಕ್ಕ ಸರಿಹೋಯಿತು.

ಮಾಡುವ ಕ್ರಮ

1. ಕಾಳು ಹಾಕುವುದಾದರೆ ಹಿಂದಿನ ರಾತ್ರಿಯೇ ನೆನೆಹಾಕಿ. ಬೇಳೆಯಾದರೆ ತೊಳೆದರೆ ಸಾಕು.

2. ಸೊಪ್ಪನ್ನು ಹಣ್ಣೆಲೆ, ಹುಳು ಹಿಡಿದ ಎಲೆ ಇಲ್ಲದ ಹಾಗೆ ಸೋಸಿ. ಎಳೆ ದಂಟು ಎಸೆಯಬೇಡಿ.

3. ಮೊದಲು ತೊಳೆಯಿರಿ, ಆಮೇಲೆ ಹೆಚ್ಚಿ. ಹೆಚ್ಚಿದ ಮೇಲೆ ತೊಳೆದರೆ ಸತ್ವ ನೀರಿನಲ್ಲಿ ಹೋಗುತ್ತೆ. ಅಗಲವಾದ ಪಾತ್ರೆಯಲ್ಲಿ ಮೂರು ಸಲ ನೀರು ಬದಲಿಸಿ ತೊಳೆಯಿರಿ. ಮಳೆಗಾಲದಲ್ಲಿ ಎಲೆಯ ಅಡಿಯಲ್ಲಿ ಮಣ್ಣು ಅಂಟಿರುತ್ತೆ, ಇಂಬಳವೂ ಇರಬಹುದು. ಎಲೆ ತಿರುಗಿಸಿ ನೋಡಿ.

4. ಪಾತ್ರೆಯಲ್ಲಿ 8 ಲೋಟ ನೀರು ಕುದಿಸಿ ಬೇಳೆ ಹಾಕಿ. ಮುಕ್ಕಾಲು ಬೇಯಲಿ. ಬೆರಳಲ್ಲಿ ಒತ್ತಿದರೆ ಬೇಳೆ ಮುರಿಯಬೇಕು, ಕರಗಬಾರದು.

5. ಈಗ ಹೆಚ್ಚಿದ ಸೊಪ್ಪು, ಉಪ್ಪು ಹಾಕಿ. ಮುಚ್ಚಳ ಮುಚ್ಚಿ. ಎಳೆ ಸೊಪ್ಪಾದರೆ ಏಳೆಂಟು ನಿಮಿಷ ಸಾಕು. ಹೆಚ್ಚು ಬೇಯಿಸಿದರೆ ಬಣ್ಣ ಹೋಗುತ್ತೆ, 'ಸಿ' ಜೀವಸತ್ವವೂ ಹೋಗುತ್ತೆ. ಅಡುಗೆ ಸೋಡ ಹಾಕಬೇಡಿ. ಸೋಡ ಜೀವಸತ್ವವನ್ನು ಕೆಡಿಸುತ್ತೆ.

6. ಅನ್ನ ಬಸಿಯುವ ಹಾಗೆ ಸಿಬ್ಬಲು ಅಥವಾ ತಟ್ಟೆ ಮುಚ್ಚಿ ನೀರನ್ನು ಬೇರೆ ಪಾತ್ರೆಗೆ ಬಸಿಯಿರಿ. ಹಬೆ ಕೈಗೆ ತಾಗೀತು, ಜೋಕೆ. ಈ ನೀರಿಗೆ ಕಟ್ಟು ಎಂದು ಹೆಸರು.

7. ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಬಿಟ್ಟು ಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು ಹುರಿಯಿರಿ. ಒಂದು ಈರುಳ್ಳಿ, ಅರ್ಧ ಬೆಳ್ಳುಳ್ಳಿ ಹಾಕಿ ಬಾಡಿಸಿ.

8. ಇದಕ್ಕೆ ಅರ್ಧ ಹಿಡಿ ಕಾಯಿತುರಿ, ಹುಣಸೆಹಣ್ಣು, ಒಂದು ಸೌಟು ಬೆಂದ ಸೊಪ್ಪು ಬೇಳೆ ಸೇರಿಸಿ ನುಣ್ಣಗೆ ರುಬ್ಬಿ. ಸೊಪ್ಪು ಬೇಳೆ ಸೇರಿಸಿದರೇ ಸಾರು ಮಂದ ಆಗುತ್ತೆ.

9. ರುಬ್ಬಿದ ಕಾರವನ್ನು ಕಟ್ಟಿಗೆ ಕಲಸಿ ಒಂದು ಕುದಿ ಬರಿಸಿ. ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಸಾರು ಆಯಿತು.

10. ಉಳಿದ ಸೊಪ್ಪು ಬೇಳೆಗೆ ಇನ್ನೊಂದು ಈರುಳ್ಳಿ ಹೆಚ್ಚಿ ಹಾಕಿ ಒಗ್ಗರಣೆ ಕೊಡಿ. ಮೇಲೆ ಉಳಿದ ಕಾಯಿತುರಿ ಉದುರಿಸಿ. ಪಲ್ಯ ಆಯಿತು.

ಮುದ್ದೆ, ಬಸ್ಸಾರು, ಪಕ್ಕಕ್ಕೆ ಪಲ್ಯ. ತಟ್ಟೆಗೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ. ನಿಂಬೆಯ ಹುಳಿ ಸೇರಿದರೆ ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತೆ.

ಕಾಯಿಲೆಯವರಿಗೆ ತರಕಾರಿ ತಿಳಿ

ಜ್ವರ ಬಂದು ಬಾಯಿ ಕೆಟ್ಟವರಿಗೆ ಖಾರದ ಸಾರು ಸೇರೋಲ್ಲ. ಅವರಿಗೆ ತರಕಾರಿ ತಿಳಿ ಮಾಡಿಕೊಡಿ. ಇದೇ ನಮ್ಮ ಮನೆಯ ಸೂಪು.

ಒಂದು ಕ್ಯಾರೆಟ್, ನಾಲ್ಕು ಹುರುಳಿಕಾಯಿ, ಒಂದು ಸಣ್ಣ ಆಲೂಗೆಡ್ಡೆ, ಒಂದು ಟೊಮೆಟೊ, ಒಂದು ಹಿಡಿ ಸೊಪ್ಪು, ಎರಡು ಚಮಚ ಹೆಸರುಬೇಳೆ ತೆಗೆದುಕೊಳ್ಳಿ. ತರಕಾರಿ ಇದೇ ಆಗಬೇಕೆಂದಿಲ್ಲ. ಸೋರೆಕಾಯಿ, ಸೀಮೆಬದನೆ, ಕುಂಬಳ ಯಾವುದಿದ್ದರೂ ಸರಿ. ಸಣ್ಣಗೆ ಹೆಚ್ಚಿ 4 ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿ. ಸೊಪ್ಪನ್ನು ಕೊನೆಗೆ ಹಾಕಿ. ಸೌಟಿನಿಂದ ಮಸೆಯಿರಿ. ಉಪ್ಪು, ಕುಟ್ಟಿದ ಕಾಳುಮೆಣಸು, ಜೀರಿಗೆ ಹಾಕಿ ಒಂದು ಕುದಿ ಬರಿಸಿ. ಬಿಸಿಯಾಗಿರುವಾಗಲೇ ಕುಡಿಯಲು ಕೊಡಿ. ಸೋಸಿ ತರಕಾರಿ ಎಸೆಯಬೇಡಿ. ಅಗಿಯಲು ಆಗುವವರು ತರಕಾರಿ ಸಮೇತ ಉಣ್ಣಲಿ.

ಜ್ವರ ಇಳಿಯದಿದ್ದರೆ ತಿಳಿ ಕುಡಿಸುತ್ತಾ ಮನೆಯಲ್ಲೇ ಕೂರಬೇಡಿ. ಆಸ್ಪತ್ರೆಗೆ ಹೋಗಿ. ತಿಳಿ ಆಹಾರ, ಔಷಧಿ ಅಲ್ಲ.

ಮಗುವಿಗೆ ಬರೀ ತಿಳಿ ಬೇಡ

ಮಗುವಿಗೆ 6 ತಿಂಗಳವರೆಗೆ ತಾಯಿ ಹಾಲು ಮಾತ್ರ ಸಾಕು. ನೀರೂ ಬೇಡ. 6 ತಿಂಗಳು ತುಂಬಿದ ಮೇಲೆ ತಾಯಿ ಹಾಲಿನ ಜೊತೆ ಮೆತ್ತನೆಯ ಊಟ ಶುರು ಮಾಡಬೇಕು.

ಕೆಲವರು ಸಾರಿನ ಮೇಲಿನ ತಿಳಿಯನ್ನು ಮಾತ್ರ ಮಗುವಿಗೆ ಕುಡಿಸುತ್ತಾರೆ. ಇದು ತಪ್ಪು. ಮಗುವಿನ ಹೊಟ್ಟೆ ಸಣ್ಣದು. ನೀರಿನಿಂದಲೇ ತುಂಬಿಬಿಡುತ್ತೆ. ಹಸಿವು ಅಡಗುತ್ತೆ, ಮೈಗೆ ಬಲ ಬರೋಲ್ಲ. ಮಗು ಬಡಕಲಾಗುತ್ತೆ.

ಹೀಗೆ ಮಾಡಿ. ಕಾರ ಹಾಕುವ ಮೊದಲೇ ಬೆಂದ ಬೇಳೆ, ಬೆಂದ ಸೊಪ್ಪು ಸ್ವಲ್ಪ ತೆಗೆದಿಡಿ. ಅನ್ನ ಅಥವಾ ರಾಗಿ ಗಂಜಿ ಜೊತೆ ನುಣ್ಣಗೆ ಮಸೆಯಿರಿ. ಅರ್ಧ ಚಮಚ ತುಪ್ಪ ಅಥವಾ ಎಣ್ಣೆ ಬೆರೆಸಿ. ಚಮಚದಿಂದ ಜಾರಿ ಬೀಳದಷ್ಟು ಗಟ್ಟಿ ಇರಲಿ. ಕೈ ತೊಳೆದು ಉಣಿಸಿ. ಒಂದು ವರ್ಷದೊಳಗಿನ ಮಗುವಿನ ಊಟಕ್ಕೆ ಉಪ್ಪು ಬೇಡ. ಉಪ್ಪು ಹಾಕುವ ಮೊದಲೇ ಅದರ ಪಾಲು ಬೇರೆ ಬೇಯಿಸಿಕೊಳ್ಳಿ.

ಊಟದ ಮೇಲೆ ಕಾಫಿ

ನಾವು ಕಾಫಿ ನಾಡಿನವರು. ಊಟ ಆದ ತಕ್ಷಣ ಒಂದು ಲೋಟ ಕಾಫಿ ಬೇಕು ಅನಿಸುತ್ತೆ. ಆದರೆ ಕಾಫಿ, ಟೀ ಎರಡೂ ಊಟದ ಕಬ್ಬಿಣದ ಅಂಶ ಮೈಗೆ ಹತ್ತದ ಹಾಗೆ ತಡೆಯುತ್ತವೆ. ಕಷ್ಟಪಟ್ಟು ಸೊಪ್ಪು ಸೋಸಿ ಮಾಡಿದ ಅಡುಗೆಯ ಫಲ ಅರ್ಧ ಹೋಗುವುದು ಹೀಗೆ. ಕಾಫಿ ಬಿಡಿ ಎಂದು ನಾವು ಹೇಳುತ್ತಿಲ್ಲ. ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆ ಬಿಡುವು ಕೊಡಿ, ಅಷ್ಟೆ.

ಇನ್ನೊಂದು ಮಾತು. ರಕ್ತ ಬಹಳ ಕಡಿಮೆ ಇರುವವರಿಗೆ ಸೊಪ್ಪೊಂದೇ ಸಾಲದು. ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಎಂಬ ಅಂಶ ಹೆಂಗಸರಿಗೆ 12, ಬಸುರಿಯರಿಗೆ 11 ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಬಸುರಿಯರಿಗೆ ಸರ್ಕಾರ ಕಬ್ಬಿಣದ ಮಾತ್ರೆಯನ್ನು ಉಚಿತವಾಗಿ ಕೊಡುತ್ತೆ. ಬಸುರಿಯಲ್ಲಿ 180 ದಿನ, ಹೆರಿಗೆ ಆದ ಮೇಲೆ 180 ದಿನ, ದಿನಕ್ಕೊಂದು ನುಂಗಬೇಕು. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯಿಂದ. ಹೊಟ್ಟೆ ತೊಳಸಿದರೆ ಮಾತ್ರೆ ಬಿಸಾಡಬೇಡಿ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಯಾವ ನೀರು ಚೆಲ್ಲಬೇಕು?

ಎಲ್ಲ ನೀರನ್ನೂ ಉಳಿಸುವುದಲ್ಲ. ಕೆಲವು ನೀರು ಚೆಲ್ಲಲೇಬೇಕು.

ಮಳೆಗಾಲದಲ್ಲಿ ಬಿದಿರಿನ ಕಳಲೆ ಸಿಗುತ್ತೆ. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತೆ. ಅದಕ್ಕೇ ಹಿರಿಯರು ಅದನ್ನು ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸುತ್ತಾರೆ. ಆ ನೀರು ಚೆಲ್ಲಬೇಕು. ಸಾರು ಮಾಡಬಾರದು, ದನಕ್ಕೂ ಕುಡಿಸಬಾರದು. ಆಮೇಲೆ ಕಳಲೆಯನ್ನು ಚೆನ್ನಾಗಿ ಬೇಯಿಸಿ ಆ ನೀರನ್ನೂ ಚೆಲ್ಲಿ.

ಕೆಸುವಿನ ಸೊಪ್ಪು ಗಂಟಲು ಕೆರೆಯುತ್ತೆ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ತುರಿಕೆ ಹೋಗುತ್ತೆ.

ಸೊಪ್ಪು ತೊಳೆದ ನೀರು ಕರಿಬೇವಿನ ಗಿಡಕ್ಕೆ ಹಾಕಿ. ಬೇಯಿಸಿದ ನೀರು ಮಾತ್ರ ಸಾರಿಗೆ.

ಓದು ಬಂದರೆ ಅಡುಗೆಗೂ ಲಾಭ

ಈಗ ನಮಗೆ ಓದು ಬಂದಿದೆ. ಅದನ್ನು ಅಡುಗೆಮನೆಯಲ್ಲೂ ಬಳಸೋಣ.

ಉಪ್ಪಿನ ಪೊಟ್ಟಣ ತೆಗೆದುಕೊಳ್ಳಿ. ಅದರ ಮೇಲೆ 'ಅಯೋಡಿನ್' ಎಂದು ಬರೆದಿದೆಯೇ ಓದಿ. ನಗುವ ಸೂರ್ಯನ ಗುರುತನ್ನೂ ಹುಡುಕಿ. ಅಯೋಡಿನ್ ಇಲ್ಲದಿದ್ದರೆ ಗಳಗಂಡ ರೋಗ ಬರುತ್ತೆ. ಉಪ್ಪನ್ನು ಮುಚ್ಚಳ ಇರುವ ಡಬ್ಬಿಯಲ್ಲಿಡಿ.

ಬೆಳೆಗೆ ಹೊಡೆಯುವ ಮದ್ದಿನ ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತೆ. ಕೆಂಪು ಎಂದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಗುರುತು ಇದ್ದರೂ ಅದು ವಿಷವೇ. ಖಾಲಿ ಡಬ್ಬಿಯಲ್ಲಿ ಬೇಳೆ, ಉಪ್ಪು, ನೀರು ತುಂಬಿಡಬೇಡಿ.

ಸೂಪ ಹಳೆಯ ಮಾತು

ಹೋಟೆಲಿನ 'ಸೂಪು' ಇಂಗ್ಲಿಷಿನಿಂದ ಬಂದ ಮಾತು. ಆದರೆ ಸಂಸ್ಕೃತದಲ್ಲೂ 'ಸೂಪ' ಎಂಬ ಮಾತಿದೆ. ಬೇಳೆಯ ಸಾರು ಎಂದು ಅರ್ಥ. ಅಡುಗೆಯ ವಿದ್ಯೆಗೆ ಸೂಪಶಾಸ್ತ್ರ ಎಂದು ಹೆಸರು. ಸುಮಾರು 1025ರಲ್ಲಿ ಎರಡನೇ ಚಾವುಂಡರಾಯ 'ಲೋಕೋಪಕಾರ' ಎಂಬ ಕನ್ನಡ ಪುಸ್ತಕ ಬರೆದ. ಅದರಲ್ಲಿ ಅಡುಗೆಯ ವಿಚಾರವೂ ಇದೆ. 16ನೇ ಶತಮಾನದಲ್ಲಿ ಮೂರನೇ ಮಂಗರಸ ಅಡುಗೆಗೆಂದೇ 'ಸೂಪಶಾಸ್ತ್ರ' ಎಂಬ ಪುಸ್ತಕ ಬರೆದ. ಅವರು ಬರೆದಿಟ್ಟದ್ದರಿಂದ ಅಂದಿನ ಅಡುಗೆ ಇಂದಿಗೂ ತಿಳಿಯುತ್ತೆ. ನಮ್ಮ ಅಜ್ಜಿಯರ ಕೈರುಚಿಯನ್ನು ಯಾರು ಬರೆದಿಡಬೇಕು? ನಾವೇ ಅಲ್ಲವೇ?

ಅಭ್ಯಾಸ

1. ಜೋರಾಗಿ ಓದಿ:
ಸೊಪ್ಪು, ಉಪ್ಪು, ತುಪ್ಪ, ಕಟ್ಟು, ತಟ್ಟೆ, ಅತ್ತೆ, ರೊಟ್ಟಿ, ಬೆಳ್ಳುಳ್ಳಿ, ಕೊತ್ತಂಬರಿ, ಒಗ್ಗರಣೆ.

2. ಪದ ಕೂಡಿಸುವುದನ್ನು ನೋಡಿ:
ಬಸಿದ + ಸಾರು = ಬಸ್ಸಾರು
ಮಸೆದ + ಸೊಪ್ಪು = ಮಸ್ಸೊಪ್ಪು
ಉಪ್ಪು + ಸಾರು = ಉಪ್ಸಾರು
ನಿಮ್ಮ ಮನೆಯ ಇನ್ನೆರಡು ಸಾರಿನ ಹೆಸರು ಬರೆಯಿರಿ.

3. ಉತ್ತರ ಹೇಳಿ:
ಸೊಪ್ಪನ್ನು ಹೆಚ್ಚುವ ಮೊದಲೇ ಏಕೆ ತೊಳೆಯಬೇಕು?
ಮಗುವಿಗೆ ಬರೀ ತಿಳಿ ಏಕೆ ಸಾಲದು?
ಯಾವ ನೀರನ್ನು ಚೆಲ್ಲಲೇಬೇಕು?
ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರಿಗೆ ಪಲ್ಯ ಉಳಿದಿರುತ್ತದೆಯೇ?

4. ಲೆಕ್ಕ ಮಾಡಿ:
ಒಬ್ಬರಿಗೆ 100 ಗ್ರಾಂ ಸೊಪ್ಪು ಬೇಕು. ನಿಮ್ಮ ಮನೆಯಲ್ಲಿ ಎಷ್ಟು ಜನ? ಒಟ್ಟು ಎಷ್ಟು ಗ್ರಾಂ ಬೇಕು?
ಒಂದು ಕಟ್ಟು ಸೊಪ್ಪಿಗೆ 10 ರೂಪಾಯಿ ಎಂದುಕೊಳ್ಳಿ. ವಾರಕ್ಕೆ 6 ಕಟ್ಟು ಕೊಂಡರೆ ಎಷ್ಟಾಯಿತು? ಹಿತ್ತಲಲ್ಲೇ ಬೆಳೆದರೆ 4 ವಾರಕ್ಕೆ ಎಷ್ಟು ಉಳಿಯಿತು?

5. ಬರೆಯಿರಿ:
ನಿಮ್ಮ ಅತ್ತೆ, ಅವ್ವ ಅಥವಾ ಅಜ್ಜಿಯನ್ನು ಕೇಳಿ, ಅವರು ಮಾಡುವ ಒಂದು ಸಾರಿನ ಸಾಮಾನುಗಳ ಪಟ್ಟಿ ಬರೆಯಿರಿ. ಎಷ್ಟೆಷ್ಟು ಎಂದೂ ಬರೆಯಿರಿ. ಮುಂದಿನ ಪಾಠದ ದಿನ ಆ ಪಟ್ಟಿ ತನ್ನಿ. ಎಲ್ಲರೂ ಓದೋಣ.